ಸ್ನಿಗ್ಧತೆ ಬಂದ ಜೋನಿಬೆಲ್ಲ

ಮಾಸ್ತಪ್ಪ ಪಾಕ ಹಿಡಿದ ಜೋನಿಬೆಲ್ಲ ವರ್ಷ ಕಳೆದರೂ ಡಬ್ಬದಿಂದ ಧಾರೆಯಾಗಿ ಇಳಿಯುತ್ತದೆ ಎಂದು ಹೊಸನಗರ ತಾಲ್ಲೂಕಿನಲ್ಲಿ ಮಾತಿತ್ತು. ಇಪ್ಪತ್ತೆರಡು ವರ್ಷ ಆಲೆಮನೆಗಳಲ್ಲಿ ಕಬ್ಬಿನ ಹಾಲು ಕಾಯಿಸಿ, ಅವನು ಒಂದು ಕೊಪ್ಪರಿಗೆಯನ್ನೂ ಕೆಡಿಸಿರಲಿಲ್ಲ. ಸಟ್ಟುಗದ ತುದಿಯಿಂದ ಪಾಕ ಇಳಿಯುವ ಬಗೆ ನೋಡಿ ‘ಇಳಿಸಿ’ ಎನ್ನುತ್ತಿದ್ದ. ಅಕ್ಷರ ಬಾರದ ಅವನಿಗೆ ಆ ಹೆಸರೇ ಆಸ್ತಿ.

೧೯೬೬ರ ಫೆಬ್ರವರಿಯಲ್ಲಿ ನಗರ ಎಂಬ ಊರಿನ ಹತ್ತಿರ, ಮಾಸ್ತಪ್ಪ ಪಾಕ ಹಿಡಿಯುತ್ತಿದ್ದ ಕನ್ನಮ್ಮನವರ ಆಲೆಮನೆಗೆ ಗಣೇಶಮೂರ್ತಿ ಮೇಷ್ಟ್ರು ಶಾಲಾ ಇನ್‌ಸ್ಪೆಕ್ಟರನ್ನು ಕರೆತಂದರು. ಮೇಷ್ಟ್ರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಬೆಳಿಗ್ಗೆ ತರಗತಿಯಲ್ಲಿ ಜ್ವಾಲಾಮುಖಿಯ ಪಾಠ. ಕೆಲವು ಸುಮ್ಮನೆ ಹರಿಯುತ್ತವೆ, ಕೆಲವು ಸಿಡಿಯುತ್ತವೆ. ಕಾರಣ, ಒಳಗಿನ ಕರಗಿದ ಶಿಲೆಯ ಸ್ನಿಗ್ಧತೆ ಎಂದು ಅವರು ಹೇಳಿದ್ದರು. ಹಾಗೆಂದರೇನು ಎಂದು ಇನ್‌ಸ್ಪೆಕ್ಟರು ಕೇಳಿದಾಗ ‘ದ್ರವವು ಹರಿಯುವುದಕ್ಕೆ ಒಡ್ಡುವ ಪ್ರತಿರೋಧ’ ಎಂಬ ಪುಸ್ತಕದ ವಾಕ್ಯ ಒಪ್ಪಿಸಿದರು. ಉದಾಹರಣೆ ಕೇಳಿದಾಗ ಅದೇ ವಾಕ್ಯವನ್ನು ಇನ್ನೂ ಗಟ್ಟಿಯಾಗಿ ಒಪ್ಪಿಸಿದರು. ಆಮೇಲೆ ಹೊಳೆದದ್ದು ಆಲೆಮನೆ.

ಆಲೆಮನೆಗೆ ಬಂದವರಿಗೆ ಕಬ್ಬಿನ ಹಾಲು ಕೊಡದೆ ಕಳಿಸುವಂತಿಲ್ಲ, ಗದರುವಂತೆಯೂ ಇಲ್ಲ. ಇನ್‌ಸ್ಪೆಕ್ಟರು ಲೋಟ ಹಿಡಿದು, ಕೊಪ್ಪರಿಗೆ ಇಳಿಸಲು ಗಳ ತೂರಿಸುವ ಜಾಗದಲ್ಲೇ ನಿಂತರು. ಪಾಕ ಹದಕ್ಕೆ ಬಂದಿತ್ತು. ಪಾಕ ಯಾವಾಗ ಹರಿಯುತ್ತದೆ, ಯಾವಾಗ ಸಿಡಿಯುತ್ತದೆ ಎಂದು ಮೇಷ್ಟ್ರು ಕೇಳಿದ್ದಕ್ಕೆ ಮಾಸ್ತಪ್ಪ ಹೇಳಿದ:

“ನೀರುಪಾಕ ಉಕ್ಕಿದ್ರೆ ಹರಿದು ಹೋಗ್ತದೆ ಸ್ವಾಮಿ. ಮಂದ ಆದ್ರೆ ಒಳಗಿನ ಆವಿಗೆ ದಾರಿ ಸಿಗಲ್ಲ, ಸಿಡೀತದೆ. ಈಗ್ಲೇ ಇಳಿಸ್ಬೇಕು, ಚೂರು ಹಿಂದೆ ಸರೀರಿ.”

ಇನ್‌ಸ್ಪೆಕ್ಟರು ಸರಿಯಲಿಲ್ಲ. ಇದು ಉದಾಹರಣೆಯೇ ಹೊರತು ವ್ಯಾಖ್ಯೆಯಲ್ಲ ಎಂದರು. ಮೇಷ್ಟ್ರು ವ್ಯಾಖ್ಯೆಯನ್ನು ಮೂರನೆಯ ಸಲ ಒಪ್ಪಿಸಿದರು. ಸಿಡಿಯುವುದನ್ನೂ ನೋಡಿಯೇ ಹೋಗೋಣ, ಕುದಿಯಲಿ ಎಂದು ಇನ್‌ಸ್ಪೆಕ್ಟರ ಅಪ್ಪಣೆಯಾಯಿತು. ಮಾಸ್ತಪ್ಪ ಎರಡು ಸಲ ಕೈಮುಗಿದ. ಸಟ್ಟುಗದ ತುದಿಯಲ್ಲಿ ಹನಿ ಎಳೆಯಾಯಿತು, ಎಳೆ ಗಂಟಾಯಿತು, ಕೊನೆಗೆ ಇಳಿಯುವುದೇ ನಿಂತಿತು. ಆಗ ಕೊಪ್ಪರಿಗೆ ಒಮ್ಮೆ ಗುಳುಕ್ಕೆಂದು, ಇನ್‌ಸ್ಪೆಕ್ಟರ ಪ್ಯಾಂಟಿನ ಅಂಚಿನ ಮೇಲೆ ಪಾಠ ಮುಗಿಸಿತು. ಅವರು ಹಿಂದೆ ಸರಿದರು.

ವರದಿಯಲ್ಲಿ ‘ಪ್ರಾಯೋಗಿಕ ಬೋಧನೆ ಶ್ಲಾಘನೀಯ’ ಎಂದು ಬಂತು. ಮೇಷ್ಟ್ರು ಕಾಯಂ ಆದರು. ಕನ್ನಮ್ಮನವರ ಡಬ್ಬಗಳಲ್ಲಿ ಬೆಲ್ಲ ಕಲ್ಲಾಯಿತು. ಅವರು ಮಾಸ್ತಪ್ಪನನ್ನು ಕರೆದು ಹೇಳಿದರು:

“ಮಾಸ್ತಣ್ಣ, ದೋಸೆಗೆ ಜೋನಿ ಹಾಕ್ಕಳಕ್ಕೆ ಸುತ್ತಿಗೆ ಬೇಕಾತಲ್ಲ.”

“ಅದು ನನ್ನ ಜೋನಿ ಅಲ್ಲಮ್ಮ, ಇನ್‌ಸ್ಪೆಕ್ಟರ್ದು. ಸ್ನಿಗ್ಧತೆ ಅಂತ ಅದ್ರ ಹೆಸ್ರು.”

ಮರುವರ್ಷ ಅವನನ್ನು ಕರೆದ ಆಲೆಮನೆಗಳು ಎರಡೇ. ಒಲೆಗೆ ಬೆಂಕಿ ಹಾಕುವ ಮುನ್ನ ಅವನು ಕೇಳುತ್ತಿದ್ದದ್ದು ಕಬ್ಬಿನ ವಿಷಯವಲ್ಲ; ಈ ಊರ ಶಾಲೆಗೆ ಇನ್‌ಸ್ಪೆಕ್ಟರು ಯಾವ ದಿನ ಬರುತ್ತಾರೆ ಎಂದು.