ಹಮ್ಮಿಗಿಗೆ ಹೋದ ನಂಬರು

"ಲೇ ತಮ್ಮಾ, ನಮ್ಮ ರೊಟ್ಟಿ ವೆಬ್‌ಸೈಟ್ ತೆರಿವಲ್ದು. ಹೆಸರಿನ ಅವಧಿ ಮುಗದೈತಿ ಅಂತ ತೋರಸಾಕತ್ತೈತಿ."

ಅಕ್ಕ ಫೋನಿನಲ್ಲಿ ಹೀಗೆಂದಳು. ಅಥವಾ ನಾನೇ ಮೊದಲು ನೋಡಿ ಅವಳಿಗೆ ಹೇಳಿದೆನೋ? ನೆನಪು ಎರಡಕ್ಕೂ ತಲೆಯಾಡಿಸುತ್ತದೆ, ಹಾಗಾಗಿ ಅದನ್ನು ನಂಬುವುದಿಲ್ಲ. ಹೆದರಿ ಅವಳ ಮನೆಗೆ ಓಡಿದ್ದು ಮಾತ್ರ ನಿಜ.

ಅಕ್ಕ ಬೆಟಗೇರಿಯಲ್ಲಿ ಓಣಿಯ ಹೆಣ್ಣುಮಕ್ಕಳ ಜೊತೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಾಳೆ. ಪರವೂರಿನ ಗಿರಾಕಿಗಳೆಲ್ಲ ಬರುವುದು ವೆಬ್‌ಸೈಟಿನಿಂದಲೇ. ಸಾಲದ್ದಕ್ಕೆ, ಮಗಳ ಮದುವೆಯಲ್ಲಿ ಹಂಚಿದ ಸ್ಟೀಲ್ ಡಬ್ಬಿಗಳ ಮೇಲೆ ವಧೂವರರ ಹೆಸರಿನ ಕೆಳಗೆ ಅದರ ವಿಳಾಸವನ್ನೂ ಕೆತ್ತಿಸಿದ್ದಳು. ಲಕ್ಷ್ಮೇಶ್ವರ, ಶಿರಹಟ್ಟಿಯ ಬೀಗರ ಅಡುಗೆಮನೆಗಳಲ್ಲಿ ಈಗಲೂ ಆ ಡಬ್ಬಿಗಳಿವೆ. ಆ ಹೆಸರನ್ನು ಬೇರೆ ಯಾರಾದರೂ ಕೊಂಡುಬಿಟ್ಟರೆ? ರೊಟ್ಟಿಯ ಜಾಗದಲ್ಲಿ ಇಸ್ಪೀಟಿನ ಜೂಜೋ, ಅದಕ್ಕಿಂತ ಕೆಟ್ಟದ್ದೋ ಬಂದು ಕೂತರೆ? ಸ್ಟೀಲಿನ ಮೇಲೆ ಕೆತ್ತಿದ್ದನ್ನು ತಿದ್ದಲಾಗುವುದಿಲ್ಲ.

ನವೀಕರಿಸಲು ಹೋದರೆ ಹೆಸರು ಮಾರಿದ ಕಂಪನಿ ಓಟಿಪಿ ಕೇಳಿತು. ಅದು ಹೋಗುವುದು ಹೆಸರು ಕೊಂಡಾಗ ಕೊಟ್ಟಿದ್ದ ಭಾವನ ಹಳೆಯ ನಂಬರಿಗೆ. ಅವರು ಆ ಸಿಮ್ ಬಿಟ್ಟು ಬಹಳ ಕಾಲವಾಗಿತ್ತು. ಆದರೂ ಕರೆ ಮಾಡಿದೆ. ರಿಂಗಾಯಿತು. ಅಂದರೆ ಅದು ಈಗ ಬೇರೆ ಯಾರದೋ ಕೈಯಲ್ಲಿದೆ; ಹೆದರಿಕೆ ಇನ್ನೂ ಹೆಚ್ಚಿತು.

ಎತ್ತಿದವಳು ಹಮ್ಮಿಗಿ ಎಂಬ ಹಳ್ಳಿಯ ಹೆಣ್ಣುಮಗಳು. ನಂಬರು ಈಗ ಅವಳದಾಗಿತ್ತು. ನಾನು ತೊದಲುತ್ತ ವಿಷಯ ಹೇಳಿದೆ.

"ಓಟಿಪಿ ಏನ್ರಿ? ಯಾರಿಗೂ ಹೇಳಬ್ಯಾಡ್ರಿ ಅಂತ ದಿನಾ ಫೋನ್ಯಾಗ ಒದರತಾರ. ಅವರು ಹೇಳೂ ಕಳ್ಳ ನೀವ ಇರಬೇಕು!"

ಅಕ್ಕ ಫೋನ್ ಕಸಿದುಕೊಂಡಳು. "ಯವ್ವಾ, ನಿನ್ನ ತವರಮನಿ ಯಾವೂರವ್ವಾ?"

"ಕೊರ್ಲಹಳ್ಳಿ."

"ಅಯ್ಯ! ನಮ್ಮತ್ತಿ ತಂಗೀನ ಕೊಟ್ಟದ್ದು ಅಲ್ಲೇ!"

ಯಾರ ಸೊಸೆ, ಯಾರ ಮೈದುನ ಎಂದು ಇಬ್ಬರೂ ಎಳೆ ಹಿಡಿದು ಬಿಡಿಸತೊಡಗಿದರು. ಕೊನೆಗೆ ಅವಳು, "ಬಳಗ ಖರೆ ಇದ್ರ ಮನಿಗೆ ಬರ್ರಿ. ಮುಖಾ ನೋಡಿ ಹೇಳ್ತೀನಿ" ಅಂದಳು.

ಮುಂಡರಗಿಯಲ್ಲಿ ಬಸ್ಸು ಬದಲಿಸಿ ಹೋದೆವು. ದಾರಿಯುದ್ದಕ್ಕೂ ಫೋನ್ ತೆಗೆದು ನೋಡಿದೆ, ಹೆಸರು ಇನ್ನೂ ಯಾರ ಪಾಲೂ ಆಗಿಲ್ಲ ತಾನೇ ಎಂದು. ಅವಳ ಬಾಗಿಲಿಂದ ಹೊಳೆ ಕಾಣುತ್ತಿತ್ತು ಎಂದು ನನ್ನ ನೆನಪು. ಕಾಣುತ್ತಿದ್ದುದು ಎದುರುಮನೆಯ ಗೋಡೆ ಎನ್ನುತ್ತಾಳೆ ಅಕ್ಕ.

ಅವಳು ಅಕ್ಕನ ಮುಖವನ್ನು ಚೆನ್ನಾಗಿ ನೋಡಿದಳು. ಆಮೇಲೆ ತನ್ನ ಫೋನಿಗೆ ಬಂದ ಓಟಿಪಿಯ ಒಂದೊಂದೇ ಅಂಕಿ ಓದಿದಳು. ನಾನು ತಪ್ಪಾಗಿ ಒತ್ತಿದೆ.

"ಮೊದಲ ಚಾ ಕುಡೀರಿ. ಆಮ್ಯಾಲ ಒತ್ತೀರಂತ," ಎಂದು ನಕ್ಕಳು.

ಇನ್ನೊಮ್ಮೆ ತರಿಸಿದಾಗ ಕೆಲಸವಾಯಿತು. ರೊಟ್ಟಿಯ ಚಿತ್ರ ಮತ್ತೆ ಬಂತು. ಹಾಗೆಯೇ ಕಂಪನಿಯಲ್ಲಿರುವ ನಂಬರನ್ನೂ ಬದಲಿಸಲು ಹೊರಟೆ. ಅಕ್ಕ ಕೈ ಹಿಡಿದಳು.

"ಯಾರದು ಹಾಕ್ತಿ? ನಿಮ್ಮ ಭಾವ ಅಂಗಿ ಬದಲಿ ಮಾಡಿದಂಗ ಸಿಮ್ ಬದಲಿ ಮಾಡ್ತಾರ, ನಂದೂ ಬಿಡಂಗಿಲ್ಲ. ನೀನೂ ಅವರಂಗ. ಈಕಿದ ಇರ್ಲಿ."

"ಇರ್ಲಿ ಬಿಡ್ರಿ, ಆ ನೆವದಾಗ ಬಂದು ಹೋಗ್ರಿ," ಅಂದಳು ಅವಳು.

ಇಬ್ಬರು ಹೆಂಗಸರೆದುರು ನನ್ನ ಮಾತು ನಡೆಯಲಿಲ್ಲ. ವಾಪಸು ಬಸ್ಸಿನಲ್ಲಿ ಕೂತು ಆ ನಂಬರನ್ನು ಫೋನಿನಲ್ಲಿ ಉಳಿಸಲು ಹೊರಟವನ ಬೆರಳು ನಿಂತಿತು.

"ಅಕ್ಕಾ, ಆಕಿ ಹೆಸರೇನು?"

ಅಕ್ಕ ತಿರುಗಿ ನೋಡಿದಳು. "ನೀ ಕೇಳಿದ್ದಿ ಅನ್ಕೊಂಡೆನಲ್ಲೋ."