ನೇಫಾದಲ್ಲಿ ಕಾಣೆಯಾದ ಕಮಲಾಕ್ಷ ಮಾವ

ಮುಂಬಯಿ ಪಕ್ಕದ ಕಳವಾ ಎಂಬಲ್ಲಿ ಮನೆ ಮಾಡಿದ್ದ ಜಯಶೀಲ ತುರ್ಭೆಯ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸಕ್ಕಿದ್ದ. ಕೂಗಾಡುವ ಸ್ವಭಾವ ಅವನದಲ್ಲ. ಲೋಕಲ್ ರೈಲಿನಲ್ಲಿ ಯಾರಾದರೂ ಕಾಲು ತುಳಿದರೆ ತಾನೇ ಸರಿದು ನಿಲ್ಲುವವನು. ಅಂಥವನು ಐವತ್ತು ದಾಟಿದ ಮೇಲೆ ಸರಕಾರಿ ಕಚೇರಿಯೊಂದರಲ್ಲಿ ಮೇಜು ಗುದ್ದಿದ ಎಂದರೆ ಪರಿಚಯದವರು ಯಾರೂ ನಂಬಲಿಲ್ಲ.

ಶುರುವಾದದ್ದು ೨೦೧೦ರಲ್ಲಿ. ಡೊಂಬಿವಲಿಯ ನಮ್ಮ ಊರಿನವರ ಸಂಘಕ್ಕೆ ಒಂದು ಯೋಚನೆ ಬಂತು. ಇನ್ನೆರಡು ವರ್ಷಕ್ಕೆ ಚೀನಾ ಯುದ್ಧಕ್ಕೆ ಐವತ್ತು ತುಂಬುತ್ತದೆ, ಅದರಲ್ಲಿ ತೀರಿಕೊಂಡ ನಮ್ಮ ಕಡೆಯ ಸೈನಿಕರ ಮನೆಯವರನ್ನು ಕರೆದು ಸನ್ಮಾನ ಮಾಡಬೇಕು ಎಂದು. ಕಾರ್ಯದರ್ಶಿ ಕಿಟ್ಟಣ್ಣ ಫೋನ್ ಮಾಡಿದರು.

"ಜಯಶೀಲ, ನಿನ್ನ ಸೋದರಮಾವ ಮಿಲಿಟರಿಯಲ್ಲಿ ಹೋದದ್ದಲ್ವಾ? ಯಾವ ರೆಜಿಮೆಂಟು, ಎಲ್ಲಿ ತೀರಿಕೊಂಡದ್ದು, ಸ್ವಲ್ಪ ಬರೆದು ಕೊಡು ಮಾರಾಯ."

ಬರೆದು ಕೊಡಲು ಅವನಿಗೇನು ಗೊತ್ತಿತ್ತು? ಕಮಲಾಕ್ಷ ಮಾವ ಹುಡುಗನಾಗಿದ್ದಾಗಲೇ ಉಡುಪಿ ಕಡೆಯಿಂದ ಬೊಂಬಾಯಿಗೆ ಬಂದು ಹೋಟೆಲಿಗೆ ಸೇರಿದ್ದ. ಒಂದು ದಿನ ಹೋಟೆಲು ಬಿಟ್ಟು ಸೈನ್ಯಕ್ಕೆ ಓಡಿದ. ಅರವತ್ತೆರಡರಲ್ಲಿ ನೇಫಾ ಗಡಿಯಲ್ಲಿ, ಅಂದರೆ ಈಗಿನ ಅರುಣಾಚಲದಲ್ಲಿ, ಕಾಣೆಯಾದ ಎಂದು ಊರಿಗೆ ತಂತಿ ಬಂತು. ಆಗ ಜಯಶೀಲನಿಗೆ ಐದು ವರ್ಷ. ರಜೆಯಲ್ಲಿ ಬಂದ ಮಾವ ಹೆಗಲ ಮೇಲೆ ಕೂರಿಸಿಕೊಂಡು ಗದ್ದೆಯ ಅಂಚಿನಲ್ಲಿ ಓಡಿದ್ದು ಮಾತ್ರ ನೆನಪು. ಊರಿನ ಮನೆಯಲ್ಲಿದ್ದ ಕಾಗದಪತ್ರವನ್ನೆಲ್ಲ ಗೆದ್ದಲು ತಿಂದು ಯಾವ ಕಾಲವಾಗಿತ್ತೋ.

ಅಮ್ಮ ಸುಂದರಿಯನ್ನು ಕೇಳಿದ. "ಅಣ್ಣ ಮಿಲಿಟರಿಯಲ್ಲಿದ್ದ. ಮತ್ತೆ ಬರಲಿಲ್ಲ. ಅಷ್ಟೇ," ಎಂದಳು.

ತಾಯಿಯ ಅಣ್ಣನೆಂದರೆ ನಮ್ಮಲ್ಲಿ ಸಣ್ಣ ಸಂಬಂಧವಲ್ಲ. ಅವನ ಬಗ್ಗೆ ನಾಲ್ಕು ಸಾಲು ಹೇಳಲು ತನಗೆ ಬರುವುದಿಲ್ಲವಲ್ಲ ಎಂದು ಜಯಶೀಲನಿಗೆ ನಾಚಿಕೆಯಾಯಿತು. ರಜೆ ಹಾಕಿ ಕಚೇರಿ ಸುತ್ತಲು ಶುರು ಮಾಡಿದ. ಥಾಣೆಯ ಸೈನಿಕ ಕಚೇರಿಯಲ್ಲಿ ಒಬ್ಬರು, ಊರು ಕರ್ನಾಟಕದ್ದಲ್ಲವೇ, ಅಲ್ಲಿ ಕೇಳಿ ಎಂದರು. ಊರಿಗೆ ಹೋದಾಗ ಅಲ್ಲಿಯವರು, ಭರ್ತಿಯಾದದ್ದು ಬೊಂಬಾಯಿಯಲ್ಲಲ್ಲವೇ, ಅಲ್ಲೇ ಕೇಳಿ ಎಂದರು. ದಕ್ಷಿಣದವರು ಸೇರುವ ಪಡೆಗಳ ದಾಖಲೆ ಕಚೇರಿಗಳಿಗೆಲ್ಲ ಪತ್ರ ಬರೆದ. ಕೆಲವರು ಉತ್ತರಿಸಲಿಲ್ಲ. ಉತ್ತರಿಸಿದವರು, ಈ ಹೆಸರಿನ ಸಿಪಾಯಿ ನಮ್ಮಲ್ಲಿ ಇರಲಿಲ್ಲ, ಸೈನಿಕ ಸಂಖ್ಯೆ ತಿಳಿಸಿ ಎಂದರು. ಸಂಖ್ಯೆ ಬೇಕೆಂದೇ ಅವನು ಬರೆದದ್ದು!

ಮೇಜು ಗುದ್ದಿದ್ದು ಆಗಲೇ. ಥಾಣೆಯ ಕಚೇರಿಗೆ ಮೂರನೆಯ ಸಲ ಹೋದಾಗ ಗುಮಾಸ್ತ ತಲೆ ಎತ್ತದೆ, "ನಂಬರ್ ನಾಹೀ ತರ್ ಕಾಹೀ ಹೋಣಾರ್ ನಾಹೀ," ಎಂದ. ನಂಬರ್ ಇಲ್ಲದಿದ್ದರೆ ಏನೂ ಆಗುವುದಿಲ್ಲವಂತೆ. "ಸತ್ತವನು ಬಂದು ನಂಬರ್ ಹೇಳ್ಬೇಕಾ?" ಎಂದು ಜಯಶೀಲ ಕನ್ನಡದಲ್ಲೇ ಕಿರುಚಿದ. ಗುಮಾಸ್ತನಿಗೆ ಅರ್ಥವಾಗಲಿಲ್ಲ. ಕಾವಲಿನವನು ಬಂದು ಹೊರಗೆ ಕಳಿಸಿದ.

"ಪಪ್ಪಾ, ಛೋಡೋ ನಾ. ಐವತ್ತು ವರ್ಷ ಆಯ್ತು," ಎಂದಳು ಮಗಳು ದಿಶಾ. ಅವನು ಬಿಡಲಿಲ್ಲ.

೨೦೧೧ರ ಕೊನೆಗೆ ಕಿಟ್ಟಣ್ಣನೇ ಒಂದು ಸುದ್ದಿ ತಂದರು. ಐರೋಲಿಯಲ್ಲಿ ಮಗನ ಜೊತೆ ಇರುವ ಮೋಹನದಾಸ ಎಂಬ ನಿವೃತ್ತ ಹವಾಲ್ದಾರರು ಚೀನಾ ಯುದ್ಧದಲ್ಲಿದ್ದವರು, ಕಮಲಾಕ್ಷ ಎಂಬವನನ್ನು ಬಲ್ಲರಂತೆ. ಜಯಶೀಲನಿಗೆ ಜೀವ ಬಂದಂತಾಯಿತು. ಭಾನುವಾರ ಅಮ್ಮನನ್ನೂ ಕರೆದುಕೊಂಡು ಹೊರಟ.

ಮೋಹನದಾಸರು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕಾಯುತ್ತಿದ್ದರು. "ಕಮಲಾಕ್ಷನಾ? ಆರಡಿ ಆಳು! ಕಬಡ್ಡಿಗೆ ಇಳಿದರೆ ಪಂಜಾಬಿಗಳೂ ಹೆದರ್ತಿದ್ದರು. ಮೆಷಿನ್‌ಗನ್ ಹಿಡಿದು ಗುಂಡು ಮುಗಿಯುವವರೆಗೆ ಕೂತಲ್ಲಿಂದ ಏಳಲಿಲ್ಲ," ಎಂದರು. ಜಯಶೀಲನ ಕಣ್ಣು ತುಂಬಿತು. ಸುಂದರಿ ಮಾತ್ರ ಕೈಯಲ್ಲಿ ಚಹಾದ ಕಪ್ಪು ಹಿಡಿದು ಮೋಹನದಾಸರ ಮುಖವನ್ನೇ ನೋಡುತ್ತಿದ್ದಳು. ಹೊರಡುವಾಗ ಅವರಿಗೆ ಕೈಮುಗಿದು, "ಇಷ್ಟು ನೆನಪಿಟ್ಟದ್ದು ದೊಡ್ಡದು," ಎಂದಳು.

ಐರೋಲಿ ಸ್ಟೇಷನ್ನಿನಲ್ಲಿ ಥಾಣೆಯ ಗಾಡಿಗೆ ಕಾಯುವಾಗ ಬಾಯಿ ಬಿಟ್ಟಳು.

"ಅದು ನನ್ನ ಅಣ್ಣ ಅಲ್ಲ."

"ಎಂತ?"

"ಅಣ್ಣ ಕುಳ್ಳ. ನನ್ನಷ್ಟೇ ಎತ್ತರ. ಮತ್ತೆ ಅವ ಬಂದೂಕು ಹಿಡಿದವನೇ ಅಲ್ಲ. ಅಲ್ಲಿ ಅವನಿಗೆ ಅಡುಗೆ ಕೆಲಸ."

ಗಾಡಿ ಬಂದು ಹೋಯಿತು. ಇಬ್ಬರೂ ಹತ್ತಲಿಲ್ಲ.

ಸುಂದರಿ ನಿಧಾನಕ್ಕೆ ಹೇಳಿದಳು. ಕೊನೆಯ ರಜೆಯಲ್ಲಿ ಬಂದಾಗ ಅಣ್ಣ ಅವಳೊಬ್ಬಳಿಗೇ ತಿಳಿಸಿದ್ದನಂತೆ. ಹೋಟೆಲಿನ ಹೊಗೆ ಸಾಕೆಂದು, ಬಂದೂಕು ಹಿಡಿಯಬೇಕೆಂದು ಓಡಿದವನನ್ನು, ಏನು ಕೆಲಸ ಬರುತ್ತದೆ ಎಂದು ಕೇಳಿ ಮತ್ತೆ ಅಡುಗೆಮನೆಗೇ ಹಾಕಿದ್ದರು. "ಅಮ್ಮನಿಗೆ ಹೇಳ್ಬೇಡ ಅಂದ. ಮಗ ಯುದ್ಧ ಮಾಡ್ತಾನೆ ಅಂತ ಅಮ್ಮ ಊರಿಡೀ ಹೇಳಿಕೊಂಡು ಬಂದಿದ್ದಳು. ನಾನು ಮಾತು ಕೊಟ್ಟಿದ್ದೆ."

"ಅಜ್ಜಿ ಸತ್ತು ಮೂವತ್ತು ವರ್ಷ ಆಯ್ತಮ್ಮ! ನಾನು ಎರಡು ವರ್ಷದಿಂದ ಸಿಪಾಯಿ, ಸಿಪಾಯಿ ಅಂತ ಬರೀತಾ ಇದ್ದೇನೆ. ಅವರು ಇಲ್ಲ, ಇಲ್ಲ ಅಂತಿದ್ದಾರೆ. ನೀನು ನೋಡ್ತಾ ಕೂತಿದ್ದೆಯಲ್ಲ!"

"ನಿನಗೂ ಮಾವ ಯೋಧ ಅಂತ ಖುಷಿ ಇತ್ತಲ್ಲ," ಎಂದಳು ಅವಳು. "ಹೇಳಲಿಕ್ಕೆ ಮನಸ್ಸು ಬರಲಿಲ್ಲ."

ಜಯಶೀಲ ಎಂಟು ದಿನ ಅಮ್ಮನ ಜೊತೆ ಊಟಕ್ಕೆ ಕೂರಲಿಲ್ಲ. ಆಮೇಲೆ ಮತ್ತೆ ಪತ್ರ ಬರೆದ. ಬೊಂಬಾಯಿಯಲ್ಲಿ ಭರ್ತಿ, ಕೆಲಸ ಅಡುಗೆ, ತಂದೆಯ ಹೆಸರು, ಊರು. ಹಿಂದೆ ಇಲ್ಲ ಎಂದಿದ್ದ ಒಂದು ಕಚೇರಿಯಿಂದಲೇ ಈ ಸಲ ಉತ್ತರ ಬಂತು. ಹೌದು, ಇದ್ದರು, ಅಡುಗೆಯವರು, ನವೆಂಬರ್ ೧೯೬೨ರಲ್ಲಿ ಪಡೆ ಹಿಂದಕ್ಕೆ ಸರಿಯುವಾಗ ಕಾಣೆಯಾದರು, ಮೃತರೆಂದು ಭಾವಿಸಲಾಗಿದೆ. ಸ್ಥಳ ತಿಳಿದಿಲ್ಲ.

ಅದನ್ನು ಕಿಟ್ಟಣ್ಣನಿಗೆ ತೋರಿಸಿದ. ಕಿಟ್ಟಣ್ಣ ಕನ್ನಡಕ ತೆಗೆದು ಒರೆಸಿದರು. "ಅಡುಗೆ ಅಂತ ಯಾಕೆ ಹಾಕುವುದು? ವೀರಯೋಧ ಅಂತ ಬರೆಯುವ. ಮೋಹನದಾಸರು ಹೇಳಿದ್ದು ಚೆಂದ ಉಂಟಲ್ಲ."

"ಅದು ಬೇರೆಯವರ ಕತೆ ಕಿಟ್ಟಣ್ಣ. ಅಡುಗೆಯವನು ಅಂತಲೇ ಹಾಕಿ. ನಮ್ಮ ಸಂಘದಲ್ಲಿ ಅರ್ಧ ಜನ ಹೋಟೆಲಿನವರು, ಇದರಲ್ಲಿ ನಾಚಿಕೆ ಎಂತದು?"

"ಆಯ್ತು ಮಾರಾಯ, ಆಯ್ತು," ಎಂದರು ಕಿಟ್ಟಣ್ಣ.

ಕಾರ್ಯಕ್ರಮದ ದಿನ ಸುಂದರಿಯನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ನಿರೂಪಕಿ ಓದಿದಳು: "ಮೆಷಿನ್‌ಗನ್ ಹಿಡಿದು ಕೊನೆಯ ಗುಂಡಿನವರೆಗೂ ಹೋರಾಡಿದ ವೀರಯೋಧ ಕಮಲಾಕ್ಷ..." ಚಪ್ಪಾಳೆ ಬಿತ್ತು. ಜಯಶೀಲ ಎದ್ದು, ಕುರ್ಚಿಗಳನ್ನು ದಾಟಿಕೊಂಡು ವೇದಿಕೆಯ ಪಕ್ಕಕ್ಕೆ ಓಡಿದ. "ತಪ್ಪು ಓದಿದ್ರಿ, ಸರಿ ಮಾಡಿ!" ಅಷ್ಟರಲ್ಲಿ ಮುಖ್ಯ ಅತಿಥಿಗಳು ಮೈಕು ಹಿಡಿದಾಗಿತ್ತು. ಸ್ವಯಂಸೇವಕನೊಬ್ಬ ತೋಳು ಹಿಡಿದು, "ಅಂಕಲ್, ಬೈಠೋ ನಾ," ಎಂದು ಕೂರಿಸಿದ.

ಕೆಳಗಿಳಿದು ಬಂದ ಅಮ್ಮನಿಗೆ, "ಕೇಳಿಸ್ತಾ, ಎಂತ ಓದಿದ್ರು ಅಂತ?" ಎಂದು ಹಲ್ಲು ಕಚ್ಚಿ ಕೇಳಿದ.

"ಕೇಳಿಸ್ತು." ಶಾಲು ಮಡಚುತ್ತಾ ಹೇಳಿದಳು, "ಬಂದೂಕು ಹಿಡಿಯಬೇಕು ಅಂತ ಎಷ್ಟು ಆಸೆ ಇತ್ತು ಅವನಿಗೆ. ಮೈಕಿನಲ್ಲಾದರೂ ಹಿಡಿದ. ಬಿಡು."

ಅವನು ಅದನ್ನೂ ಬಿಡಲಿಲ್ಲ. ತಿದ್ದುಪಡಿ ಹಾಕಿ ಎಂದು ಸಂಘದ ಪತ್ರಿಕೆಗೆ ಬರೆದ, ಹಾಕಲಿಲ್ಲ. ಮಾವ ಕಾಣೆಯಾದದ್ದು ಯಾವ ದಾರಿಯಲ್ಲಿ, ಜೊತೆಗೆ ಯಾರಿದ್ದರು ಎಂದು ದಾಖಲೆ ಕಚೇರಿಗೆ ಮತ್ತೆ ಮತ್ತೆ ಕೇಳಿದ. ಹೆಚ್ಚಿನ ಮಾಹಿತಿ ಇಲ್ಲ ಎಂಬ ಅದೇ ಸಾಲು ಬಂತು. ೨೦೧೪ರಲ್ಲಿ ಸುಂದರಿ ತೀರಿಕೊಂಡಳು. ಮರುವರ್ಷ ಅವನು ಕೆಲಸದಿಂದ ನಿವೃತ್ತನಾದ. ಈಗಲೂ ಸಂಘದ ಊಟದಲ್ಲಿ ಯಾರಾದರೂ, "ನಿಮ್ಮ ಮಾವ ಮೆಷಿನ್‌ಗನ್ ಹಿಡಿದವರಲ್ವಾ?" ಎಂದರೆ ಎಲೆಯ ಮುಂದಿನಿಂದ ತಲೆ ಎತ್ತಿ, "ಅಲ್ಲ, ಅಡುಗೆಯವರು. ಎಲ್ಲಿ ಸತ್ತರು ಅಂತ ಕಚೇರಿಯವರು ಇನ್ನೂ ಹೇಳಿಲ್ಲ. ಕೇಳ್ತಾ ಇದ್ದೇನೆ," ಎನ್ನುತ್ತಾನೆ.