ಅತ್ತೆಯ ಕನ್ನಡ, ನನ್ನ ಚೆಕ್

ಚೆಕ್ ಭಾಷೆಯಲ್ಲಿ ನಾನು ಮೊದಲು ಬಾಯಿಪಾಠ ಮಾಡಿದ್ದು ‘ನೆರೊಜುಮೀಮ್’. ಅರ್ಥವಾಗಲಿಲ್ಲ ಎಂದರ್ಥ. ಅದರ ಬೆನ್ನಿಗೇ ‘ಪೊಮಲು, ಪ್ರೊಸೀಮ್’, ದಯವಿಟ್ಟು ನಿಧಾನವಾಗಿ ಹೇಳಿ. ಇವೆರಡು ಬಾಯಲ್ಲಿದ್ದರೆ ಅಲ್ಲಿ ಉಪವಾಸ ಬೀಳುವುದಿಲ್ಲ ಎಂದು ಆ ದೇಶ ನೋಡಿಬಂದಿದ್ದ ಸಹೋದ್ಯೋಗಿಯೊಬ್ಬರು ಧೈರ್ಯ ತುಂಬಿದ್ದರು.

ನವುಲೆ ಕಡೆಯ ಕಾಲೇಜೊಂದರಲ್ಲಿ ಮಣ್ಣಿನ ವಿಷಯ ಪಾಠ ಮಾಡುವವಳು ನಾನು. ಚೆಕ್ ದೇಶದ ಪ್ರಯೋಗಾಲಯವೊಂದರಲ್ಲಿ ಮೂರು ತಿಂಗಳು ಕೆಲಸ ಕಲಿಯಲು ಕರೆ ಬಂದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಫೋನಿಗೆ ಭಾಷೆ ಕಲಿಸುವ ಆ್ಯಪ್ ಹಾಕಿಕೊಂಡೆ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ, ಆಲ್ಕೊಳ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುವಾಗ, ಎಲ್ಲೆಂದರಲ್ಲಿ ಅದೇ ಜಪ. ‘ರ’ವನ್ನೂ ‘ಝ’ವನ್ನೂ ಒಂದೇ ಉಸಿರಿಗೆ ಹೊರಡಿಸಬೇಕಾದ ಅಕ್ಷರವೊಂದಿದೆ ಆ ಭಾಷೆಯಲ್ಲಿ. ಒಂದು ದಿನ ಅಡುಗೆಮನೆಯಲ್ಲಿ ಅದನ್ನು ತಿದ್ದುತ್ತಿದ್ದೆ. ನನ್ನ ಗಂಡ ಓಡಿ ಬಂದು ನೋಡಿ, ಮಿಕ್ಸಿ ಕೆಟ್ಟಿತು ಅಂದುಕೊಂಡೆ ಮಾರಾಯ್ತಿ ಎಂದು ನಕ್ಕ. ನಾನೂ ನಕ್ಕೆ. ಈ ವಯಸ್ಸಿನಲ್ಲೂ ನಾಲಿಗೆ ಹೊರಳುತ್ತಿದೆಯಲ್ಲ ಎಂಬ ಜಂಬ ಬೇರೆ.

ನನ್ನ ಗಂಡನ ಮನೆಮಾತು ತಮಿಳು. ಅವನ ಅಪ್ಪ ಸೇಲಂ ಕಡೆಯಿಂದ ಭದ್ರಾವತಿಯ ಕಾರ್ಖಾನೆಗೆ ಕೆಲಸಕ್ಕೆ ಬಂದವರು. ಅವರು ತೀರಿಕೊಂಡ ಮೇಲೆ ಅತ್ತೆ ನ್ಯೂ ಟೌನಿನ ಮನೆಯಲ್ಲಿ ನನ್ನ ಮೈದುನ, ಓರಗಿತ್ತಿಯ ಜೊತೆ ಇದ್ದಾರೆ. ನಾನು ಮತ್ತು ನನ್ನ ಗಂಡ ಓದುವಾಗ ಮೆಚ್ಚಿಕೊಂಡವರು. ನಮ್ಮದು ಲಿಂಗ ಕಟ್ಟಿದ ಮನೆತನ, ಮನೆಯವರಿಗೆ ಜಾತಿಗಿಂತ ದೊಡ್ಡ ಚಿಂತೆಯಾದದ್ದು ಭಾಷೆ. ಜಾತಿಯ ಮಾತನ್ನು ಬಾಯಿಬಿಟ್ಟು ಆಡಲು ನಾಚಿಕೆಯಾಗಿ ಭಾಷೆಯನ್ನು ಮುಂದೆ ಮಾಡಿದ್ದರೂ ಇರಬಹುದು. ಹೆಣ್ಣು ನೋಡಲು ಬಂದ ದಿನ ಅಮ್ಮ ಅದನ್ನೇ ಎತ್ತಿದಳು. ನಮ್ಮ ಹುಡುಗಿ ನಿಮ್ಮ ಮನೆಯಲ್ಲಿ ಮೂಕಿಯ ಹಾಗೆ ಕೂರಬೇಕಾ ಎಂದು ಕೇಳಿಯೇಬಿಟ್ಟಳು. ಅತ್ತೆ ಕಾಫಿ ಲೋಟ ಕೆಳಗಿಟ್ಟರು.

“ನಿಮ್ಮ ಹುಡುಗಿ ಒಂದು ಮಾತೂ ಕಲೀಬೇಕಾಗಿಲ್ಲ ಕಣಮ್ಮ. ನಾವು ಕಲ್ತಿದೀವಲ್ಲ” ಎಂದರು.

ಆ ಕನ್ನಡವನ್ನು ಅವರು ಕ್ವಾರ್ಟರ್ಸಿನ ನಲ್ಲಿಯ ಮುಂದೆ, ಅಕ್ಕಪಕ್ಕದವರ ಜೊತೆ ಕೊಡ ಹಿಡಿದು ನಿಂತು ಕಲಿತದ್ದಂತೆ. ಕೊಟ್ಟ ಮಾತನ್ನು ಮಾತ್ರ ಚಾಚೂ ತಪ್ಪದೆ ನಡೆಸಿದರು. ನಾನು ಹೊಸ್ತಿಲು ದಾಟಿ ಒಳಗೆ ಕಾಲಿಟ್ಟರೆ ಸಾಕು, ಒಳಗಿನ ಮಾತು ಅಲ್ಲಿಗೇ ನಿಂತು ಕನ್ನಡದಲ್ಲಿ ಮುಂದುವರಿಯುತ್ತಿತ್ತು. ಜಗಳವಾದರೂ ಸರಿ, ಅರ್ಧ ಜಗಳ ತಮಿಳಿನಲ್ಲಿ, ಉಳಿದರ್ಧ ನನ್ನ ಮುಂದೆ ಕನ್ನಡದಲ್ಲಿ. ಮೈದುನ ಮರೆತು ತಮಿಳಿನಲ್ಲೇ ಎಳೆದರೆ ಅತ್ತೆ ಅವನನ್ನು ಗದರುತ್ತಿದ್ದರು. ತಮಿಳು ಹುಡುಗಿಯಾದ ಓರಗಿತ್ತಿ ಮದುವೆಯಾಗಿ ಬಂದಾಗ ಅವಳಿಗೂ ಮೊದಲು ಕಲಿಸಿದ್ದು ಇದನ್ನೇ. ನಾನು ಇದನ್ನೆಲ್ಲ ನನಗೆ ಸಲ್ಲಬೇಕಾದ ಮರ್ಯಾದೆ ಎಂದುಕೊಂಡು ಇಪ್ಪತ್ತು ವರ್ಷ ಹಾಯಾಗಿ ಕೂತೆ. ಒಂದು ಮನೆ ಪೂರ್ತಿ ನನ್ನೊಬ್ಬಳಿಗಾಗಿ ನಾಲಿಗೆ ಬದಲಿಸುತ್ತಿದೆ ಎಂದು ಒಂದು ದಿನವೂ ಮುಜುಗರವಾಗಲಿಲ್ಲ. ಥೂ, ಈಗ ನೆನೆದರೆ ಮೈ ಪರಚಿಕೊಳ್ಳುವಂತಾಗುತ್ತದೆ.

ಹೋದ ಬೇಸಿಗೆಯಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಕೈಕಾಲು ಮೆಲ್ಲಗೆ ಸರಿಹೋದವು, ಮಾತೂ ಮರಳಿತು. ಆದರೆ ಕನ್ನಡ ಮರಳಲಿಲ್ಲ. ಆಡಲೂ ಬಾರದು, ಆಡಿದರೆ ತಿಳಿಯುವುದೂ ಇಲ್ಲ. ಹೀಗೂ ಆಗುವುದುಂಟು, ಮರಳಿದರೆ ಮರಳಬಹುದು ಎಂದರು ಡಾಕ್ಟರು.

ಆಮೇಲಿನ ಪ್ರತಿ ಭಾನುವಾರವೂ ಒಂದೇ ಕಥೆ. ನಾನು ಹೋಗಿ ಮಂಚದ ಪಕ್ಕ ಕೂರುತ್ತಿದ್ದೆ. ಅತ್ತೆ ನನ್ನ ಕೈ ಹಿಡಿದು ಏನೋ ಒಂದನ್ನು ಗಡಗಡ ಹೇಳುತ್ತಿದ್ದರು. ಪ್ರತಿ ಸಲವೂ ಅದೇ ಮಾತು ಎಂದು ಅದರ ಏರಿಳಿತದಿಂದಲೇ ಗೊತ್ತಾಗುತ್ತಿತ್ತು. ಏನಂತೆ ಎಂದು ಗಂಡನನ್ನು ಕೇಳಿದರೆ, ಊಟ ಆಯ್ತಾ ಅಂತ ಕೇಳ್ತಿದಾರೆ ಎನ್ನುತ್ತಿದ್ದ. ಓರಗಿತ್ತಿಯೂ ಅದನ್ನೇ ಹೇಳುತ್ತಿದ್ದಳು. ನಾನು ದೊಡ್ಡ ದನಿಯಲ್ಲಿ, ಕೈಸನ್ನೆ ಮಾಡಿ, ಊಟ ಆಯ್ತು ಅತ್ತೆ ಎನ್ನುತ್ತಿದ್ದೆ. ಅವರು ತಲೆ ಅಲ್ಲಾಡಿಸಿ ಅಳುತ್ತಿದ್ದರು. ಒಂದು ಸಲ ನನಗೆ ತಾಳ್ಮೆ ಕೆಟ್ಟು, ಎಷ್ಟು ಸಲ ಕೇಳ್ತಾರೆ ಒಂದೇ ಮಾತನ್ನ ಎಂದು ಅವರ ಎದುರಿಗೇ ಸಿಡುಕಿದೆ. ಅವರಿಗೆ ಮಾತು ತಿಳಿಯದಿದ್ದರೂ ಮುಖ ತಿಳಿಯುತ್ತಿತ್ತಲ್ಲ, ಕೈ ಬಿಟ್ಟರು.

ಹೊರಡುವ ವಾರದ ಮುಂಚಿನ ಭಾನುವಾರ ಎಲ್ಲರಿಗೂ ಹೇಳಿ ಬರೋಣ ಎಂದು ಭದ್ರಾವತಿಗೆ ಹೋದೆವು. ಬಸ್ಸಿನುದ್ದಕ್ಕೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗೊಣಗುತ್ತಲೇ ಇದ್ದೆ, ಪಕ್ಕದ ಸೀಟಿನ ಹೆಂಗಸು ಮೆಲ್ಲಗೆ ಎದ್ದು ಬೇರೆ ಕಡೆ ಕೂತಳು. ಮನೆಯಲ್ಲಿ ಊಟವಾದ ಮೇಲೆ ಗಂಡ ಮೈದುನನ ಮುಂದೆ ನನ್ನ ವಿದ್ಯೆ ಮೆರೆಸಲು ಹೊರಟ. ನಮಸ್ಕಾರ, ಥ್ಯಾಂಕ್ಸ್, ನೀರು ಬೇಕು, ಸ್ಟೇಷನ್ನಿಗೆ ದಾರಿ ಯಾವುದು, ಎಲ್ಲ ಒಪ್ಪಿಸಿದೆ. ಮೈದುನ ಚಪ್ಪಾಳೆ ತಟ್ಟಿದ. ಎಷ್ಟು ದಿನಕ್ಕೆ ಕಲಿತಿರಿ ಅತ್ತಿಗೆ ಎಂದು ಕೇಳಿದ. ಒಂದೂವರೆ ತಿಂಗಳು ಎಂದೆ, ಗತ್ತಿನಿಂದಲೇ.

ಅಷ್ಟರಲ್ಲಿ ಅತ್ತೆ ಮಂಚದಿಂದ ಕೈ ಚಾಚಿದರು. ಹೋಗಿ ಕೂತೆ. ಮತ್ತೆ ಅದೇ ಮಾತು, ಅದೇ ಅವಸರ. ದಾರಿಯುದ್ದಕ್ಕೂ ಉರು ಹೊಡೆದಿದ್ದ ನಾಲಿಗೆ ನನ್ನನ್ನು ಕೇಳದೆಯೇ ಹೊರಳಿತು.

“ನೆರೊಜುಮೀಮ್. ಪೊಮಲು, ಪ್ರೊಸೀಮ್.”

ಯಾರೂ ನಗಲಿಲ್ಲ. ಅತ್ತೆ ನನ್ನ ಬಾಯನ್ನೇ ನೋಡುತ್ತಿದ್ದರು. ನನಗೆ ಕೂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಂಡು ಕೇಳರಿಯದ ಜನರ ಮುಂದೆ ಆಡಲು ಮೊಟ್ಟಮೊದಲು ಕಲಿತ ಮಾತು ಅದು. ನನಗೆ ಬಡಿಸಿದ, ನನ್ನ ಬಾಣಂತನ ಮಾಡಿದ ಈ ಹೆಂಗಸಿಗೆ ಆ ಮಾತನ್ನು ಅವರ ಭಾಷೆಯಲ್ಲಿ ಹೇಳಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ಓರಗಿತ್ತಿಯ ಕಡೆ ತಿರುಗಿ, ಅರ್ಥವಾಗಲಿಲ್ಲ, ನಿಧಾನ ಹೇಳಿ ಅನ್ನುವುದಕ್ಕೆ ತಮಿಳಿನಲ್ಲಿ ಏನು ಎಂದು ಕೇಳಿದೆ. ಅವಳು ಒಮ್ಮೆ ನನ್ನ ಗಂಡನ ಮುಖ ನೋಡಿದಳು, ಆಮೇಲೆ ಹೇಳಿಕೊಟ್ಟಳು.

“ಪುರಿಯಲ ಅತ್ತೆ. ಮೆದುವಾ ಸೊಲ್ಲುಂಗ” ಎಂದೆ.

ಅತ್ತೆಯ ಕಣ್ಣು ಅರಳಿತು. ಎರಡೂ ಕೈಯಲ್ಲಿ ನನ್ನ ಕೈ ಹಿಡಿದು, ಮಗುವಿಗೆ ತುತ್ತು ಕೊಡುವ ಹಾಗೆ ಒಂದೊಂದೇ ಮಾತು ಕೊಟ್ಟರು.

“ಕನ್ನಡಂ... ಮರಂದು ಪೋಚ್ಚು. ಕೋವಿಚ್ಚುಕ್ಕಾದೇ... ಕಣ್ಣು.”

ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕನ್ನಡ ಮರೆತುಹೋಯಿತು, ಕೋಪಿಸಿಕೊಳ್ಳಬೇಡ ಮಗಳೇ. ಇಷ್ಟು ತಿಂಗಳು ಅವರು ಕೇಳುತ್ತಿದ್ದದ್ದು ನನ್ನ ಊಟವನ್ನಲ್ಲ. ನನ್ನ ಅಮ್ಮನಿಗೆ ಕೊಟ್ಟ ಮಾತು ತಪ್ಪಿತಲ್ಲ ಎಂದು ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದರು. ನಾನೋ, ಪ್ರತಿ ವಾರ ಊಟ ಆಯ್ತು ಎಂದು ಕೂಗಿ ಎದ್ದು ಬರುತ್ತಿದ್ದೆ.

“ನಿಂಗೆ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ” ಎಂದ ಗಂಡ. ಅವನಿಗೆ ಬೈಯಲು ನನಗೆ ಮುಖವಿರಲಿಲ್ಲ.

ಅತ್ತೆ ಉತ್ತರಕ್ಕೆ ಕಾಯುತ್ತಿದ್ದರು. ನನ್ನ ಬಳಿ ಇದ್ದ ತಮಿಳು ಆ ಒಂದೇ ವಾಕ್ಯಕ್ಕೆ ಮುಗಿದುಹೋಗಿತ್ತು. ಕೋಪ ಇಲ್ಲ ಅತ್ತೆ, ತಪ್ಪು ನಂದು, ನೀವಲ್ಲ ನಾನು ಕಲೀಬೇಕಾಗಿತ್ತು ಎಂದು ಬಿಕ್ಕುತ್ತ ಕನ್ನಡದಲ್ಲೇ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಓರಗಿತ್ತಿಯ ಕಡೆ ತಿರುಗಿ, “ಎನ್ನ ಸೊಲ್ರಾ?” ಎಂದು ಕೇಳಿದರು. ಏನು ಹೇಳ್ತಿದಾಳೆ ಇವಳು ಎಂದು. ಅದೂ ನನಗೆ ಅರ್ಥವಾಯಿತು.